ಆ ನಾಲ್ಕು ಚೌಕದಲ್ಲಿ ನಮ್ಮ ಸೀಮೆ ಇಲ್ಲ

ಪೊಲಿಟಿಕಲ್ ಕಂಪಾಸ್ ಎಂಬ ಆನ್‌ಲೈನ್ ಪರೀಕ್ಷೆಯಲ್ಲಿ ಕುಡಿಯುವ ನೀರಿನ ಬಗ್ಗೆ ಒಂದು ವಾಕ್ಯವಿದೆ. ನೀರಿನಂಥ ಮೂಲಭೂತ ವಸ್ತು ಕೂಡ ಬಾಟಲಿ ಸೇರಿ ಕಂಪನಿ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಸಮಾಜಕ್ಕೆ ಬಂದ ದುಃಖದ ಸ್ಥಿತಿ ಎಂಬ ಅರ್ಥದ ಮಾತು ಅದು. ಒಪ್ಪುತ್ತೀರೋ ಇಲ್ಲವೋ ಎಂದು ಗುರುತು ಹಾಕಬೇಕು. ಪಾವಗಡದ ಹಳ್ಳಿಯ ಒಬ್ಬ ತಾಯಿ ಅಲ್ಲಿ ಏನೆಂದು ಗುರುತು ಹಾಕಬೇಕು? ಅವಳ ಊರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಆ ನೀರು ಕುಡಿದು ಹಲ್ಲು ಕಂದಿದವರನ್ನು, ಕೈಕಾಲು ಗಂಟು ಹಿಡಿದವರನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದಾಳೆ. ಆದ್ದರಿಂದ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತು, ನಾಣ್ಯ ಹಾಕಿ ನೀರು ತರುತ್ತಾಳೆ. ಕೊಂಡ ನೀರು ಅವಳಿಗೆ ದುಃಖವಲ್ಲ, ಮಗುವಿನ ಮೂಳೆ ಕಾಯುವ ದಾರಿ. ದುಃಖ ಇರುವುದು ಕೊಳ್ಳದೆ ಸಿಗುವ ನೀರಿನಲ್ಲಿ. ತುಂಗಭದ್ರಾ ಹಿನ್ನೀರು ತನ್ನ ಮನೆಯ ತನಕ ಬರುತ್ತದೋ, ಘಟಕ ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ, ನಲ್ಲಿ ಮೊದಲು ಊರಿಗೋ ಕೇರಿಗೋ: ಅವಳ ರಾಜಕೀಯ ಇಲ್ಲಿದೆ. ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ಗುಂಡಿಗಳಿಗೆ ಇದು ಗೊತ್ತಾಗುವುದಿಲ್ಲ.

ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗ ಫೋನಿನಲ್ಲಿ ಆ ಪರೀಕ್ಷೆಯ ಫಲಿತಾಂಶದ ಚಿತ್ರ ತೋರಿಸಿದ. ನಾಲ್ಕು ಬಣ್ಣದ ನಾಲ್ಕು ಚೌಕ, ಒಂದರೊಳಗೆ ಕೆಂಪು ಚುಕ್ಕಿ. "ಚಿಕ್ಕಪ್ಪ, ಇದು ನಾನು" ಅಂದ. ಬೆಂಗಳೂರಿನ ಅವನ ಆಫೀಸಿನಲ್ಲಿ ಎಲ್ಲರೂ ಮಾಡಿ ನೋಡಿದ್ದಾರಂತೆ, ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿಕೊಂಡಿದ್ದಾರಂತೆ. "ನೀವೂ ಒಂದ್ಸಲ ಮಾಡಿ, ನಿಮ್ಮ ರಾಜಕೀಯ ಏನು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ." ಹುಡುಗ ಬುದ್ಧಿವಂತ. ಓದುತ್ತಾನೆ, ಅನ್ಯಾಯ ಕಂಡರೆ ಸಿಟ್ಟಾಗುತ್ತಾನೆ. ಅಂಥವನ ಬಾಯಲ್ಲಿ ಬಂದ "ಇದು ನಾನು" ಎಂಬ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಈ ಪರೀಕ್ಷೆಗಳ ಬಗ್ಗೆ ಓದಿದವರ ನಡುವೆ ಒಂದು ಅಭಿಪ್ರಾಯ ಬೇರೂರಿದೆ. ಇವುಗಳಿಂದ ಯಾರಿಗೂ ಕೆಡುಕಿಲ್ಲ, ರಾಜಕೀಯವೆಂದರೆ ಮೂಗು ಮುರಿಯುವ ಹುಡುಗರನ್ನು ಯೋಚನೆಗೆ ಹಚ್ಚುತ್ತವೆ, ಜಾತಿಯ ಹಂಗು, ಪಕ್ಷದ ಹಂಗು ಬಿಟ್ಟು ತಮ್ಮ ನಿಲುವನ್ನು ತಾವೇ ಕಾಣಲು ನೆರವಾಗುತ್ತವೆ ಎನ್ನುತ್ತಾರೆ. ಕಾಲೇಜು ಮೇಷ್ಟ್ರುಗಳೇ ಹೀಗೆ ಹೇಳುವುದನ್ನು ಕೇಳಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ. ಈ ಪರೀಕ್ಷೆಗಳು ನಿಲುವನ್ನು ತೋರಿಸುವುದಿಲ್ಲ. ನಿಲುವು ಎಂದರೆ ಏನು ಎಂಬುದನ್ನೇ ಮರೆಸುತ್ತವೆ. ಯಾವ ಜಾತಿ, ಯಾವ ಊರು, ಯಾವ ಕಾಲುವೆ ಎಂಬುದನ್ನು ಅಳಿಸಿದ ಮೇಲೆ ಉಳಿಯುವುದನ್ನು ರಾಜಕೀಯ ಎಂದು ಕರೆಯುವುದೇ ತಪ್ಪು.

ಮೊದಲು ನಕ್ಷೆ ಬರೆದವರು ಯಾರು ಎಂದು ನೋಡಬೇಕು. ಮೋಜಣಿದಾರ ಯಾರ ಕಡೆಯವನು ಎಂದು ವಿಚಾರಿಸದೆ ನಮ್ಮಲ್ಲಿ ಯಾರೂ ಹೊಲದ ಹದ್ದುಬಸ್ತಿಗೆ ಸಹಿ ಹಾಕುವುದಿಲ್ಲ. ರಾಜಕೀಯವನ್ನು ಎರಡು ಗೆರೆಗಳ ಮೇಲೆ ಹರವುವ ಯೋಚನೆ ಹಳೆಯದು. ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್ 1954ರಲ್ಲೇ ಅಂಥದೊಂದು ಚೌಕಟ್ಟನ್ನು ಪುಸ್ತಕವಾಗಿ ಬರೆದ. ಅಮೆರಿಕದ ಡೇವಿಡ್ ನೋಲನ್ 1971ರಲ್ಲಿ ಲಿಬರ್ಟೇರಿಯನ್ ಪಕ್ಷ ಕಟ್ಟಿದವರಲ್ಲಿ ಒಬ್ಬ. ಅವನು ಬರೆದ ನಕ್ಷೆಯಲ್ಲಿ ಒಂದು ಗೆರೆ ವೈಯಕ್ತಿಕ ಸ್ವಾತಂತ್ರ್ಯದ್ದು, ಇನ್ನೊಂದು ಆರ್ಥಿಕ ಸ್ವಾತಂತ್ರ್ಯದ್ದು. ಎರಡರಲ್ಲೂ ಹೆಚ್ಚು ಅಂಕ ಬಂದರೆ ನೀವು ತಲುಪುವುದು ಅವನ ಪಕ್ಷದ ಮೂಲೆಗೆ. ಅದನ್ನೇ ಹತ್ತು ಪ್ರಶ್ನೆಯ ಕಿರುಪರೀಕ್ಷೆಯಾಗಿ ಮಾಡಿ ಆ ಪಂಥದವರು 1980ರ ದಶಕದಿಂದ ಹಂಚುತ್ತ ಬಂದರು. ಅದು ಪಂಥಕ್ಕೆ ಜನ ಸೇರಿಸುವ ಸಾಧನವಾಗಿತ್ತು. 2001ರಲ್ಲಿ ಬಂದ ಪೊಲಿಟಿಕಲ್ ಕಂಪಾಸ್ 62 ವಾಕ್ಯಗಳದ್ದು. ಉತ್ತರ ನಾಲ್ಕೇ ಬಗೆ, ನಡುವಿನ ಉತ್ತರವಿಲ್ಲ. "ಗೊತ್ತಿಲ್ಲ" ಎನ್ನುವಂತಿಲ್ಲ, "ಯಾರನ್ನು ಕುರಿತು ಕೇಳುತ್ತಿದ್ದೀರಿ" ಎಂದು ತಿರುಗಿ ಕೇಳುವಂತಿಲ್ಲ. 2017ರಲ್ಲಿ ಬಂದ 8 ವ್ಯಾಲ್ಯೂಸ್ ಎಂಬುದು 70 ಪ್ರಶ್ನೆ ಕೇಳುತ್ತದೆ, ನಾಲ್ಕು ಗೆರೆ ಎಳೆಯುತ್ತದೆ. ಗೆರೆಗಳು ಹೆಚ್ಚಾದವು. ಕೇಳುವವನು ನಿಂತ ಜಾಗ ಮಾತ್ರ ಬದಲಾಗಲಿಲ್ಲ.

ಎಡ, ಬಲ ಎಂಬ ಮಾತುಗಳನ್ನೇ ತೆಗೆದುಕೊಳ್ಳಿ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೂ ವಿರೋಧ ಇದ್ದವರು ಎಡಕ್ಕೂ ಕುಳಿತರು. ಆ ಕುರ್ಚಿಗಳ ಸಾಲೇ ಇಂದು ಫೋನಿನ ಪರದೆಯ ಅಡ್ಡಗೆರೆಯಾಗಿದೆ. ಆದರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಯಾವುದೇ ಕೇರಿಯಲ್ಲಿ ನಿಂತು ಎಡ, ಬಲ ಅನ್ನಿ. ಮೊದಲು ಕೇಳಿಸುವುದು ದಲಿತರೊಳಗಿನ ಎಡಗೈ, ಬಲಗೈ. ಫ್ರಾನ್ಸಿನ ಆ ಸಭೆಗಿಂತ ಎಷ್ಟೋ ಶತಮಾನ ಹಳೆಯ ವಿಭಜನೆ ಅದು. ಪರಿಶಿಷ್ಟ ಜಾತಿಯ ಮೀಸಲಾತಿಯೊಳಗೆ ಒಳಮೀಸಲಾತಿ ಬೇಕೆಂದು ಎಡಗೈಯ ಮಾದಿಗ ಸಮುದಾಯ ದಶಕಗಳ ಕಾಲ ಬೀದಿಯಲ್ಲಿ ನಿಂತಿತು. 2005ರಲ್ಲಿ ಸದಾಶಿವ ಆಯೋಗ ನೇಮಕವಾಯಿತು, 2012ರಲ್ಲಿ ವರದಿ ಬಂತು, ವರದಿ ಕಪಾಟು ಸೇರಿತು. 2024ರ ಆಗಸ್ಟ್ 1ರಂದು ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಆ 5ರಲ್ಲಿ ತಮ್ಮನ್ನು ಬಲಿಷ್ಠರ ಜೊತೆ ಸೇರಿಸಿದರು ಎಂದು ಅಲೆಮಾರಿಗಳು ಮತ್ತೆ ಬೀದಿಗೆ ಬಂದರು. ಆದಿ ಕರ್ನಾಟಕ, ಆದಿ ದ್ರಾವಿಡ ಎಂದಷ್ಟೇ ದಾಖಲೆಯಲ್ಲಿ ಇರುವವರು ಎಡವೋ ಬಲವೋ ಎಂಬುದನ್ನು ತಿಳಿಯಲು ಆಯೋಗಕ್ಕೇ ಕಷ್ಟವಾಯಿತು. ಮನೆ ಬಾಗಿಲಿಗೆ ಹೋಗಿ, ಎದುರು ಕುಳಿತು ಕೇಳಿದಾಗಲೇ ಇಷ್ಟು ಕಷ್ಟವಾದ ಪ್ರಶ್ನೆ ಇದು. ಈ ಸೀಮೆಯ ಸಾವಿರಾರು ಮನೆಗಳ ಮಕ್ಕಳ ಓದು, ನೌಕರಿ ಇದರ ಮೇಲೆ ನಿಂತಿದೆ. ನಾಲ್ಕು ಚೌಕದ ನಕ್ಷೆಯಲ್ಲಿ ಇದಕ್ಕೆ ಒಂದು ಗೆರೆಯೂ ಇಲ್ಲ, ಒಂದು ವಾಕ್ಯವೂ ಇಲ್ಲ.

ಎಡ ಎಂಬುದಕ್ಕೆ ಇಲ್ಲಿ ಇನ್ನೂ ಎರಡು ನೆನಪುಗಳಿವೆ. 2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಆ ಭಾಗದ ಹಿರಿಯರಿಗೆ ಎಡಪಂಥ ಎಂದರೆ ಆ ರಾತ್ರಿ ನೆನಪಾಗುತ್ತದೆ, ಅದರ ಹಿಂದೆಯೇ ಬಂದ ಪೊಲೀಸರ ವಿಚಾರಣೆ ನೆನಪಾಗುತ್ತದೆ. ಇನ್ನೊಂದು ನೆನಪು ಬರಗೂರಿನದು. ಶಿರಾ ತಾಲ್ಲೂಕಿನ ಈ ಊರಿನಿಂದ ಹೋದ ಬರಗೂರು ರಾಮಚಂದ್ರಪ್ಪ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರಲ್ಲಿ ಪ್ರಮುಖರು. ಆ ಕಾಲದ ಎಡ ಎಂಬುದು ಸಭೆಗಳಲ್ಲಿ ಎದುರುಬದುರು ಕುಳಿತು, ಜಾತಿ ಮೊದಲೋ ವರ್ಗ ಮೊದಲೋ ಎಂದು ರಾತ್ರಿಯಿಡೀ ವಾದಿಸಿ, ಕೆಲವೊಮ್ಮೆ ಸ್ನೇಹವನ್ನೂ ಕಳೆದುಕೊಂಡು ಗಳಿಸಿದ ಮಾತು. ಮೂರೂ ಎಡ. ಒಂದಕ್ಕೂ ಇನ್ನೊಂದಕ್ಕೂ ತಾಳೆಯಿಲ್ಲ. ನನ್ನ ಮಗನಂಥ ಆ ಹುಡುಗನ ಚುಕ್ಕಿ ಎಡಕ್ಕಿತ್ತು. ಇವುಗಳಲ್ಲಿ ಯಾವ ಎಡ ಎಂದು ಕೇಳಿದೆ. ಅವನಿಗೆ ಮೂರೂ ಗೊತ್ತಿರಲಿಲ್ಲ.

ನಕ್ಷೆಯ ನಿಂತಗೆರೆ ಇನ್ನೂ ಅಪಾಯಕಾರಿ. ಮೇಲಿನ ತುದಿ ಅಧಿಕಾರ, ಕೆಳಗಿನ ತುದಿ ಸ್ವಾತಂತ್ರ್ಯ. ಕಾನೂನು ಬೇಕು, ನಿರ್ಬಂಧ ಬೇಕು, ಶಿಕ್ಷೆ ಬೇಕು ಎಂದಷ್ಟೂ ನೀವು ಮೇಲಕ್ಕೆ, ಅಂದರೆ ದಬ್ಬಾಳಿಕೆಯ ಕಡೆಗೆ ಹೋಗುತ್ತೀರಿ. ಜನರ ಸ್ವಾತಂತ್ರ್ಯಕ್ಕೆ ಶತ್ರು ಸರ್ಕಾರ ಒಂದೇ ಎಂಬ ನಂಬಿಕೆ ಇದರ ತಳದಲ್ಲಿದೆ. ರಾಜರ, ಚರ್ಚುಗಳ ವಿರುದ್ಧ ಹೋರಾಡಿದ ನಾಡುಗಳಲ್ಲಿ ಆ ನಂಬಿಕೆಗೆ ಕಾರಣವಿರಬಹುದು. ನಮ್ಮಲ್ಲಿ?

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರ್. ಹಿರಿಯೂರು, ಶಿರಾ, ತುಮಕೂರು ಹಾದು ಹೆದ್ದಾರಿಯಲ್ಲೇ ನಡೆದರು. ಅವರಲ್ಲಿ ಹೆಚ್ಚಿನವರು ಕೂಲಿಯವರು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಮದ್ಯದ ಪ್ಯಾಕೆಟ್ಟು ಸಿಗುವಂತಾಗಿ, ಗಂಡನ ಕೂಲಿಯೂ ತಮ್ಮ ಕೂಲಿಯೂ ಅಲ್ಲೇ ಕರಗಿ, ರಾತ್ರಿ ಹೊಡೆತ ತಿಂದವರು. ತಮ್ಮ ಮನೆಯಲ್ಲಿ ತಾವು ಭಯವಿಲ್ಲದೆ ಮಲಗಬೇಕು ಎಂಬುದು ಅವರ ಬೇಡಿಕೆ. ಇದಕ್ಕಿಂತ ದೊಡ್ಡ ಸ್ವಾತಂತ್ರ್ಯದ ಬೇಡಿಕೆ ಈ ಹೆದ್ದಾರಿಯ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ವಯಸ್ಕರು ತಮ್ಮ ಇಷ್ಟದಂತೆ ಏನು ಸೇವಿಸಿದರೂ ಸರ್ಕಾರ ತಲೆ ಹಾಕಬಾರದು ಎಂಬ ಬಗೆಯ ವಾಕ್ಯಕ್ಕೆ ಅವರು "ಒಪ್ಪುವುದಿಲ್ಲ" ಎಂದು ಗುರುತು ಹಾಕಿದರೆ ಅವರ ಚುಕ್ಕಿ ದಬ್ಬಾಳಿಕೆಯ ಕಡೆಗೆ ಏರುತ್ತದೆ. ಮನೆಯಲ್ಲಿ ಕುಡಿದು ಹೊಡೆಯುವವನ ಚುಕ್ಕಿ ಸ್ವಾತಂತ್ರ್ಯದ ಕಡೆಗೆ ಇಳಿಯುತ್ತದೆ. ಇನ್ನೊಂದು ಸಂಗತಿ. ಪೊಲಿಟಿಕಲ್ ಕಂಪಾಸ್‌ನವರು ಇತಿಹಾಸದ ನಾಯಕರನ್ನೂ ತಮ್ಮ ಚೌಕಗಳಲ್ಲಿ ಇಟ್ಟು ತೋರಿಸಿದ್ದಾರೆ. ಗಾಂಧೀಜಿಯ ಚುಕ್ಕಿ ಕೆಳಗೆ, ಸ್ವಾತಂತ್ರ್ಯದ ಕಡೆ ಇದೆ. ಜೀವನಪೂರ್ತಿ ಪಾನನಿರೋಧ ಕಾನೂನಿಗಾಗಿ ಹಟ ಹಿಡಿದವರು ಗಾಂಧಿ. ಅವರು ಎಲ್ಲಿ ಬರುತ್ತಾರೆ ಎಂಬುದನ್ನು ಪರೀಕ್ಷೆ ಬರೆದವರು ತಾವೇ ಊಹಿಸಿ ಇಟ್ಟರು. ಆ ಹೆಣ್ಣುಮಕ್ಕಳ ಪರವಾಗಿ ಊಹಿಸುವವರು ಯಾರೂ ಇರಲಿಲ್ಲ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ನಿರೀಕ್ಷಣಾ ಜಾಮೀನನ್ನೂ ತಡೆಯುವ ಕಠಿಣ ಕಾನೂನು ಅದು. ಹೋಟೆಲಿನಲ್ಲಿ ಲೋಟ ಬೇರೆ ಇಡುವ, ಕ್ಷೌರ ಮಾಡಲು ಒಪ್ಪದ, ಗುಡಿ ಮೆಟ್ಟಿಲಲ್ಲಿ ತಡೆಯುವ ಊರಿನಲ್ಲಿ ದಲಿತ ಹುಡುಗನಿಗೆ ಸರ್ಕಾರ ಎಂದರೆ ದಬ್ಬಾಳಿಕೆಯ ತುದಿಯಲ್ಲ. ಊರಿನ ದಬ್ಬಾಳಿಕೆಯ ಎದುರು ಅವನಿಗೆ ಇರುವ ಒಂದೇ ಬಾಗಿಲು ಅದು, ಅದೂ ಎಷ್ಟೋ ಸಲ ಮುಚ್ಚಿರುತ್ತದೆ. ಅಂಬೇಡ್ಕರ್ 1947ರಲ್ಲಿ ಬರೆದ ಸ್ಟೇಟ್ಸ್ ಅಂಡ್ ಮೈನಾರಿಟೀಸ್ ಕೃತಿಯಲ್ಲಿ ಕೃಷಿಭೂಮಿ ಸರ್ಕಾರದ ಒಡೆತನಕ್ಕೆ ಬರಬೇಕೆಂದು ಪ್ರತಿಪಾದಿಸಿದರು. ವ್ಯಕ್ತಿಯ ಹಕ್ಕುಗಳನ್ನು ಸಂವಿಧಾನದಲ್ಲಿ ಭದ್ರಪಡಿಸಲು ಹೋರಾಡಿದವರೂ ಅವರೇ. ಬಲವಾದ ಪ್ರಭುತ್ವ ಮತ್ತು ಸ್ವತಂತ್ರ ವ್ಯಕ್ತಿ ಅವರಿಗೆ ಎದುರಾಳಿಗಳಲ್ಲ, ಜಾತಿಯ ಊರಿನ ವಿರುದ್ಧ ಜೊತೆಗೂಡಿದವರು. ಆ ನಿಂತಗೆರೆಯ ಮೇಲೆ ಈ ಯೋಚನೆಗೆ ಜಾಗ ಇಲ್ಲ.

2023ರ ಜುಲೈ ತಿಂಗಳ ಘಟನೆಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸಿದರು. ಮಳೆ, ಚಳಿಯಲ್ಲಿ ಹಸುಗೂಸು ತೀರಿಕೊಂಡಿತು. ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗೆ ಹೋದರು, ಪ್ರಕರಣ ದಾಖಲಾಯಿತು. ಶಿರಾ ಸೀಮೆಯ ತುಂಬ ಇರುವ ಕಾಡುಗೊಲ್ಲರು ಇದೇ ಹೊತ್ತಿನಲ್ಲಿ ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಿದ್ದಾರೆ, ಅದಕ್ಕೆ ತಮ್ಮ ಹಟ್ಟಿಯ ಸಂಪ್ರದಾಯಗಳನ್ನೇ ಪುರಾವೆಯಾಗಿ ಕೊಡಬೇಕಾಗಿದೆ. ಆ ಸಂಪ್ರದಾಯಗಳಲ್ಲಿ ಒಂದರ ವಿರುದ್ಧ ಅದೇ ಸಮುದಾಯದ ಓದಿದ ಹೆಣ್ಣುಮಕ್ಕಳು ಮಾತಾಡಬೇಕಾಗಿದೆ. ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯ ಹಾಡುವ ಬಾಯಿ ಉಳಿಯಬೇಕು, ಹೊರಗಿನ ಗುಡಿಸಲು ಹೋಗಬೇಕು. ಇದನ್ನು ಹೇಳುವ ಹುಡುಗಿಗೆ ಎಷ್ಟು ಧೈರ್ಯ ಬೇಕು, ಎಷ್ಟು ಪ್ರೀತಿ ಬೇಕು ಎಂಬುದು ನನಗೆ ಗೊತ್ತು. 8 ವ್ಯಾಲ್ಯೂಸ್ ಅವಳಿಗೆ ಸಂಪ್ರದಾಯ ಎಷ್ಟು ಶೇಕಡ, ಪ್ರಗತಿ ಎಷ್ಟು ಶೇಕಡ ಎಂದು ಒಂದು ಪಟ್ಟಿ ಎಳೆದು ಕೊಡುತ್ತದೆ.

ಭೂಮಿ ಕೊಳ್ಳುವ, ಮಾರುವ ಸರಕಾಗಬಾರದು ಎಂಬ ಅರ್ಥದ ವಾಕ್ಯವೂ ಪೊಲಿಟಿಕಲ್ ಕಂಪಾಸ್‌ನಲ್ಲಿ ಇದೆ. ಪಾವಗಡದ ತಿರುಮಣಿ ಸುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಭೂಮಿ ಮಾರಾಟವಾಗಲಿಲ್ಲ, ಸರ್ಕಾರ ವಶಪಡಿಸಿಕೊಳ್ಳಲೂ ಇಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಸುವ ಕರಾರಿನಲ್ಲಿ ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಮಳೆ ಕೈಕೊಟ್ಟರೆ ಕಡ್ಲೆಕಾಯಿ ಬಿತ್ತಿದ ಬೀಜವೂ ವಾಪಸ್ ಬಾರದ ಸೀಮೆಯಲ್ಲಿ ಜಮೀನು ಇದ್ದವರಿಗೆ ಇದು ಗಟ್ಟಿ ಆದಾಯ. ಜಮೀನಿಲ್ಲದವರ ಕಥೆ ಬೇರೆ. ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಂತು. ಗುತ್ತಿಗೆ ಹಣದಲ್ಲಿ ಅವರಿಗೆ ಪಾಲಿಲ್ಲ, ಅವರ ಹೆಸರಿನಲ್ಲಿ ಪಹಣಿಯೇ ಇರಲಿಲ್ಲ. ಒಂದೇ ಬೀದಿಯ ಎರಡು ಮನೆಗಳಿಗೆ ಇದರ ಬಗ್ಗೆ ಎರಡು ರಾಜಕೀಯ. ಆ ಎರಡು ಮನೆಗಳೂ ಭೂಮಿಯ ಬಗೆಗಿನ ಆ ವಾಕ್ಯಕ್ಕೆ "ಒಪ್ಪುತ್ತೇನೆ" ಎಂದೇ ಗುರುತು ಹಾಕಬಹುದು, ಎರಡರ ಚುಕ್ಕಿಯೂ ಒಂದೇ ಕಡೆ ಬೀಳಬಹುದು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಗ ರೈತಸಂಘದವರು ಬೀದಿಗಿಳಿದರು. ಅವರಲ್ಲೇ ಮಗಳ ಮದುವೆಗೆ ಒಳ್ಳೆ ಬೆಲೆ ಬಂದರೆ ಎರಡೆಕರೆ ಮಾರಬೇಕಾದವರೂ ಇದ್ದರು. ಅವರನ್ನು ಕಪಟಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬದುಕು ಎರಡು ಕಡೆಗೆ ಎಳೆಯುವಾಗ ನಿಂತು ಯೋಚಿಸುವುದೇ ರಾಜಕೀಯದ ಶುರು.

ಶಿರಾ ಕ್ಷೇತ್ರವನ್ನೇ ನೋಡಿ. 2018ರಲ್ಲಿ ಜೆಡಿಎಸ್ ಗೆದ್ದಿತು. ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡಾಗ 2020ರ ನವೆಂಬರ್ 3ರಂದು ನಡೆದ ಉಪಚುನಾವಣೆಯಲ್ಲಿ ಬಿಜೆಪಿ ಮೊದಲ ಸಲ ಇಲ್ಲಿ ಗೆದ್ದಿತು. 2023ರಲ್ಲಿ ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಗೆದ್ದರು. ಐದು ವರ್ಷದಲ್ಲಿ ಮೂರು ಪಕ್ಷ. ಶಿರಾದವರಿಗೆ ಸಿದ್ಧಾಂತವಿಲ್ಲ, ದುಡ್ಡಿಗೆ ಜಾತಿಗೆ ವೋಟು ಹಾಕುತ್ತಾರೆ ಎಂದು ಬೆಂಗಳೂರಿನಲ್ಲಿ ಕುಳಿತವರು ಬರೆದರು. ದುಡ್ಡು ಓಡಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಉಪಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಮದಲೂರು ಕೆರೆ. ಹೇಮಾವತಿ ನೀರು ಆ ಕೆರೆಗೆ ಬರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಆರು ತಿಂಗಳಲ್ಲಿ ತುಂಬಿಸುತ್ತೇವೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪ ಪ್ರಚಾರ ಸಭೆಯಲ್ಲಿ ಮಾತು ಕೊಟ್ಟರು. ಅದಕ್ಕೂ ಮೊದಲೇ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆಯಾಗಿತ್ತು. ನಲವತ್ತು ವರ್ಷ ಕೆರೆಯಂಗಳದಲ್ಲಿ ಜಾಲಿ ಬೆಳೆದದ್ದನ್ನು ನೋಡಿದವನು ನೀರು ಕೊಡುವೆ ಎಂದವನಿಗೆ ಒಂದು ಸಲ ವೋಟು ಕೊಟ್ಟು ನೋಡಿದ, ಮುಂದಿನ ಸಲ ಲೆಕ್ಕ ಕೇಳಿದ. ಇದರಲ್ಲಿ ನಿಲುವು ಕಾಣದವರ ಕಣ್ಣಿನಲ್ಲೇ ದೋಷವಿದೆ. ಮೂರು ಚುನಾವಣೆಯಲ್ಲಿ ಆ ಮತದಾರ ಸರಿಯಲೇ ಇಲ್ಲ, ಪಕ್ಷಗಳು ಅವನ ಕೆರೆ ಏರಿಯ ಹತ್ತಿರ ಬಂದು ಹೋದವು. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಡವೆಂದು 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಕಾಮಗಾರಿಗೆ ಅಡ್ಡ ನಿಂತಾಗಲೂ ಇದೇ ಕಂಡಿತು. ನೀರಿನ ಜಗಳದಲ್ಲಿ ಕಾಲುವೆಯ ಮೇಲಿನವರು, ಕಾಲುವೆಯ ಕೊನೆಯವರು ಎಂಬ ಎರಡೇ ಪಕ್ಷ.

ಹಾಗಾದರೆ ನಮ್ಮ ಸೀಮೆಗೆ ತಕ್ಕ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿದರಾಯಿತು, ಎಡ ಬಲದ ಬದಲು ಊರು ಕೇರಿ, ಕಾಲುವೆ ತಲೆ ಕಾಲುವೆ ಕೊನೆ ಎಂದು ಗೆರೆ ಎಳೆದರಾಯಿತು ಎಂದು ಅಣ್ಣನ ಮಗ ಅಂದ. ಒಳ್ಳೆಯ ಉತ್ತರ, ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಆದರೆ ನನ್ನ ತಕರಾರು ಪ್ರಶ್ನೆಗಳ ತಪ್ಪಿನಷ್ಟಕ್ಕೇ ನಿಲ್ಲುವುದಿಲ್ಲ. ಪರೀಕ್ಷೆ ನಿಮ್ಮನ್ನು ಒಬ್ಬರನ್ನೇ ಕೂರಿಸಿ ಕೇಳುತ್ತದೆ. ಎದುರಿಗೆ ಯಾರೂ ಇಲ್ಲ. ನಿಮ್ಮ ಉತ್ತರದಿಂದ ಯಾರ ಗದ್ದೆಗೂ ನೀರು ನಿಲ್ಲುವುದಿಲ್ಲ, ಯಾರೂ ನಿಮ್ಮ ಮನೆ ಮುಂದೆ ಬಂದು "ಹಿಂಗ್ಯಾಕಪ್ಪ ಅಂದೆ" ಎಂದು ಕೇಳುವುದಿಲ್ಲ. ಜಾತಿ ಕೆಟ್ಟದ್ದು ಎಂಬ ವಾಕ್ಯಕ್ಕೆ "ಬಲವಾಗಿ ಒಪ್ಪುತ್ತೇನೆ" ಎಂದು ಒತ್ತುವುದಕ್ಕೆ ಯಾವ ಬೆಲೆಯೂ ಇಲ್ಲ. ತಂಗಿ ಕೇರಿಯ ಹುಡುಗನನ್ನು ಮೆಚ್ಚಿದಾಗ ಅಪ್ಪನ ಎದುರು ನಿಂತು ಆಡುವ ಮಾತಿಗೆ ಬೆಲೆ ಇದೆ. ಅಲ್ಲಿಯವರೆಗೆ ತನ್ನ ನಿಲುವು ಏನೆಂದು ಆ ಅಣ್ಣನಿಗೂ ಗೊತ್ತಿರುವುದಿಲ್ಲ. ಕೆರೆಯ ತೂಬು ಎತ್ತುವ ದಿನ ನೀರಗಂಟಿಯ ಸುತ್ತ ಹತ್ತು ಜನ ಸೇರಿದಾಗ, ತನ್ನ ಪಾಲಿಗೆ ಬಂದ ಒಂದು ಗಂಟೆಯ ನೀರನ್ನು ಬಾಡುತ್ತಿರುವ ಪಕ್ಕದವನ ಪೈರಿಗೆ ಬಿಡುವೆ ಎನ್ನುವವನು, ಬಿಡಲಾರೆ ಎನ್ನುವವನು, ಬಿಡುತ್ತೇನೆ ಆದರೆ ಮುಂದಿನ ಸಲ ತಿರುಗಿ ಕೊಡು ಎನ್ನುವವನು, ಮೂವರೂ ಅಲ್ಲೇ ತಮ್ಮ ರಾಜಕೀಯವನ್ನು ಕಂಡುಕೊಳ್ಳುತ್ತಾರೆ. ಅದು ಮೊದಲೇ ಅವರ ತಲೆಯೊಳಗೆ ಕುಳಿತಿದ್ದು ಗುಂಡಿ ಒತ್ತಿದಾಗ ಹೊರಬರುವ ವಸ್ತುವಲ್ಲ.

ಇದು ಹಳ್ಳಿಯ ಹಟವಷ್ಟೇ ಅಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಫಿಲಿಪ್ ಕಾನ್ವರ್ಸ್ 1956, 1958, 1960ರಲ್ಲಿ ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಕೇಳಿ ಪಡೆದ ಉತ್ತರಗಳನ್ನು ಪರಿಶೀಲಿಸಿ 1964ರಲ್ಲಿ ಪ್ರಕಟಿಸಿದ. ಕೆಲವು ವಿಷಯಗಳಲ್ಲಿ ಬಹಳ ಜನರ ಉತ್ತರ ಒಂದು ಸಲ ಹೀಗೆ ಒಂದು ಸಲ ಹಾಗೆ, ನಾಣ್ಯ ಚಿಮ್ಮಿದಂತೆ ಬದಲಾಗಿತ್ತು. ಕೇಳಿದರು ಎಂಬ ಕಾರಣಕ್ಕೆ ಜನ ಉತ್ತರ ಕೊಟ್ಟಿದ್ದರು, ಅದರ ಹಿಂದೆ ನಿಲುವು ಇರಲಿಲ್ಲ. ಇಲ್ಲದ ನಿಲುವಿಗೂ ಆನ್‌ಲೈನ್ ಪರೀಕ್ಷೆ ಒಂದು ಚುಕ್ಕಿ ಇಟ್ಟು ಕೊಡುತ್ತದೆ. ಹುಡುಗ ಮಾರನೇ ದಿನದಿಂದ ಆ ಚುಕ್ಕಿಗೆ ತಕ್ಕಂತೆ ಮಾತಾಡಲು ಶುರು ಮಾಡುತ್ತಾನೆ. ಅದನ್ನು ತನ್ನ ಪರಿಚಯದ ಸಾಲಿನಲ್ಲಿ ಬರೆದುಕೊಳ್ಳುತ್ತಾನೆ, ಬೇರೆ ಚೌಕದವರನ್ನು ಅನುಮಾನದಿಂದ ನೋಡುತ್ತಾನೆ. ಜಾತಿಯ ಹಂಗಿನಿಂದ ಬಿಡಿಸುತ್ತದೆ ಎಂದು ಹೊಗಳಿದ ಸಾಧನವೇ ಹೊಸ ಒಳಪಂಗಡಗಳನ್ನು ಹುಟ್ಟಿಸುತ್ತಿದೆ.

ಯುರೋಪಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸಾಧನಗಳಿವೆ ಎಂಬುದನ್ನು ಒಪ್ಪುತ್ತೇನೆ. ನೆದರ್‌ಲೆಂಡ್ಸ್‌ನಲ್ಲಿ 1989ರಿಂದ, ಜರ್ಮನಿಯಲ್ಲಿ 2002ರಿಂದ ನಡೆಯುತ್ತಿರುವ ಮತದಾರ ಸಹಾಯಕ ಪರೀಕ್ಷೆಗಳು ಪಕ್ಷಗಳಿಂದಲೇ ಲಿಖಿತ ಉತ್ತರ ಪಡೆದು, ನಿಮ್ಮ ಉತ್ತರದ ಜೊತೆ ಹೋಲಿಸಿ ತೋರಿಸುತ್ತವೆ. ನೀವು ಯಾರು ಎಂದು ಅವು ಹೇಳುವುದಿಲ್ಲ, ಯಾವ ಪಕ್ಷ ಏನು ಹೇಳಿದೆ ಎಂದಷ್ಟೇ ಹೇಳುತ್ತವೆ. ನಮ್ಮಲ್ಲೂ ಬರಲಿ ಎನ್ನುವವರಿದ್ದಾರೆ. ಗೆದ್ದ ಶಾಸಕ ವರ್ಷ ದಾಟುತ್ತಲೇ ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷದಿಂದ ನಿಲ್ಲುವುದನ್ನು 2019ರಲ್ಲಿ ಕಂಡ ರಾಜ್ಯ ನಮ್ಮದು. ಪಕ್ಷದ ಉತ್ತರ ಎಷ್ಟು ದಿನ ಅದೇ ಉತ್ತರವಾಗಿರುತ್ತದೆ? ಜನರಿಗೆ ಅತ್ಯಂತ ಹತ್ತಿರದ ಚುನಾವಣೆಯಾದ ಗ್ರಾಮ ಪಂಚಾಯಿತಿ ಚುನಾವಣೆ ಕರ್ನಾಟಕದಲ್ಲಿ ಪಕ್ಷದ ಚಿಹ್ನೆ ಇಲ್ಲದೆಯೇ ನಡೆಯುತ್ತದೆ. ಅಲ್ಲಿ ಹೋಲಿಸಬೇಕಾದದ್ದು ಮನುಷ್ಯನನ್ನು, ಅವನ ನಡತೆಯನ್ನು.

ಕೆಡುಕಿಲ್ಲ ಎನ್ನುವವರಿಗೆ ಒಂದು ಮಾತು. ದಿಸ್ ಈಸ್ ಯುವರ್ ಡಿಜಿಟಲ್ ಲೈಫ್ ಎಂಬ ಪರೀಕ್ಷೆಯೂ ಇಂಥದ್ದೇ ಆಟವಾಗಿ ಫೇಸ್‌ಬುಕ್ಕಿನಲ್ಲಿ ಬಂದಿತ್ತು, ನಿಮ್ಮ ಸ್ವಭಾವ ಹೇಳುತ್ತೇವೆ ಎಂದು. ಅದರ ಮೂಲಕ 8.7 ಕೋಟಿ ಜನರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಕಂಪನಿಯ ಕೈಸೇರಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ ತಾನೇ ಒಪ್ಪಿಕೊಂಡಿತು. ಭಾರತದಲ್ಲಿ ಆ ಆಟ ಆಡಿದವರು 335 ಜನ. ಸ್ನೇಹಿತರ ಪಟ್ಟಿಯ ಮೂಲಕ ಇಲ್ಲಿ ಮಾಹಿತಿ ಸೋರಿರಬಹುದಾದವರು 5,62,120 ಜನ. ಆಡಿದವನು ಒಬ್ಬ, ಬಯಲಾದವರು ಸಾವಿರಕ್ಕೂ ಹೆಚ್ಚು. ಯುರೋಪಿನ ಕಾನೂನು ರಾಜಕೀಯ ಅಭಿಪ್ರಾಯವನ್ನು ವಿಶೇಷ ರಕ್ಷಣೆಯ ಮಾಹಿತಿ ಎಂದು ಪರಿಗಣಿಸುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ಎಲ್ಲ ಪರೀಕ್ಷೆಗಳೂ ಕಳ್ಳತನಕ್ಕೇ ಇವೆ ಎಂದು ನಾನು ಆರೋಪಿಸುವುದಿಲ್ಲ. ನಿಮ್ಮ ಅಪ್ಪನಿಗೂ ಹೇಳದ ಉತ್ತರಗಳನ್ನು ಯಾರೆಂದು ಗೊತ್ತಿಲ್ಲದವರಿಗೆ ಕೊಡುತ್ತಿದ್ದೀರಿ ಎಂದಷ್ಟೇ ಹೇಳುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರು ಮಾಡಿತು. ನಮ್ಮ ಕಡೆಯ ಮೇಷ್ಟ್ರುಗಳೂ ಮೊಬೈಲ್ ಹಿಡಿದು ಮನೆಮನೆ ಹತ್ತಿದರು. ಪ್ರಶ್ನೆಗಳು 60. ಜಾತಿ, ಉಪಜಾತಿ, ಓದು, ಕಸುಬು, ಜಮೀನು, ಮನೆ, ಸಾಲ ಎಂದು ಕೇಳಿದರು. ನೆಟ್‌ವರ್ಕ್ ಸಿಗದೆ ಒದ್ದಾಡಿದರು, ಬೈಸಿಕೊಂಡರು, ಕೆಲವು ಕಡೆ ಕಾಫಿಯೂ ಕುಡಿದರು. ಆ ಸಮೀಕ್ಷೆಯಲ್ಲಿ ಕೊರತೆಗಳು ಇಲ್ಲದೆ ಇಲ್ಲ. ಆದರೂ ನನ್ನ ಅಣ್ಣನ ಮಗ 62 ವಾಕ್ಯಗಳಿಗೆ ಒಬ್ಬನೇ ಕುಳಿತು ಗುರುತು ಹಾಕಿದ ತಿಂಗಳುಗಳಲ್ಲೇ ಅವನ ಅಜ್ಜಿ ಜಗಲಿಯ ಮೇಲೆ ಕುಳಿತು ಈ 60ಕ್ಕೆ ಉತ್ತರ ಹೇಳಿದಳು. ಎಷ್ಟು ಎಕರೆ ಇತ್ತು, ಎಷ್ಟು ಉಳಿದಿದೆ, ಯಾಕೆ ಹೋಯಿತು ಎಂದು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ನಮ್ಮ ಮನೆಯ ರಾಜಕೀಯ ತಿಳಿಯಬೇಕಾದರೆ ನಾನು ಆ ಜಗಲಿಗೆ ಹೋಗುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನ ಬಿನ್ನಹ ಇದು. ಆ ಪರೀಕ್ಷೆಗಳನ್ನು ತರಗತಿಗೆ ತರಬೇಡಿ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂ ಇಲ್ಲದೆ, ರಿಜಿಸ್ಟರಿಗೆ ಸಹಿ ಮಾತ್ರ ಬಿದ್ದು ಮುಗಿಯುವ ಸಭೆಗಳೇ ಹೆಚ್ಚು. ನಿಮ್ಮ ಹುಡುಗರನ್ನು, ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬೀದಿ ದೀಪದ ಬಗ್ಗೆಯೋ ನೀರಿನ ಘಟಕದ ಬಗ್ಗೆಯೋ ಎದ್ದು ನಿಂತು ಒಂದು ಪ್ರಶ್ನೆ ಕೇಳಲು ಹೇಳಿ. ಅಣ್ಣನ ಮಗನಿಗೂ ಫೋನು ಮಾಡಿದ್ದೇನೆ. ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಬರುತ್ತೇನೆ ಎಂದಿದ್ದಾನೆ.